ಮಂಗಳೂರಿಗೆ ರೈಲು: ಸೆಂಟ್ರಲ್ಲೋ, ಜಂಕ್ಷನ್ನೋ?

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 46 ಕಿ.ಮೀ. ಆಸ್ಪತ್ರೆಗೋ ಕಾಲೇಜಿಗೋ ಹೊರಟವರಿಗೆ ಬಸ್ಸಿಗಿಂತ ರೈಲೇ ಹಿತ, ಅಗ್ಗ ಕೂಡ. ಆದರೆ ಹೊಸಬರು ಎಡವುವುದು ರೈಲು ಹತ್ತುವಾಗ ಅಲ್ಲ, ಇಳಿಯುವಾಗ.

ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಎಂದು ಎರಡು ನಿಲ್ದಾಣಗಳಿವೆ. ಆದ್ದರಿಂದ ಮೊದಲು ರೈಲು ಯಾವ ನಿಲ್ದಾಣಕ್ಕೆ ಹೋಗುತ್ತದೆ ಎಂದು ನೋಡಿಕೊಳ್ಳಿ. ಉಳ್ಳಾಲ ಕಳೆದು ನೇತ್ರಾವತಿ ಸೇತುವೆ ದಾಟಿದ ಮೇಲೆ ಹಳಿ ಕವಲೊಡೆಯುತ್ತದೆ. ಮಲಬಾರ್, ಮಾವೇಲಿ, ಪರಶುರಾಮ್ ಮುಂತಾದವು ಸೆಂಟ್ರಲ್‌ಗೆ ಹೋಗುತ್ತವೆ. ಕೊಂಕಣ ಹಳಿ ಹಿಡಿದು ಮುಂಬೈ, ಗೋವಾ ಕಡೆಗೆ ಸಾಗುವ ರೈಲುಗಳು ಸಾಮಾನ್ಯವಾಗಿ ಸೆಂಟ್ರಲ್ ಮುಟ್ಟದೆ ಜಂಕ್ಷನ್ ಮೂಲಕವೇ ಹಾದುಹೋಗುತ್ತವೆ. ಹಳಬರು ಈಗಲೂ ಕಂಕನಾಡಿ ಸ್ಟೇಷನ್ ಎನ್ನುವುದು ಇದನ್ನೇ. ಸೆಂಟ್ರಲ್‌ನಲ್ಲಿ ಇಳಿದರೆ ವೆನ್ಲಾಕ್ ಆಸ್ಪತ್ರೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಊರ ನಡುವಿನಿಂದ ದೂರ. ಅಲ್ಲಿಂದ ಬಸ್ಸು ಹಿಡಿಯಬೇಕು ಅಥವಾ ಆಟೋಗೆ ರೈಲು ಟಿಕೆಟಿಗಿಂತ ಹೆಚ್ಚು ತೆರಬೇಕು. ವೆನ್ಲಾಕ್‌ನ ಒಪಿ (ಹೊರರೋಗಿ) ಚೀಟಿಯ ಸಾಲಿಗೆ ಬೇಗ ತಲುಪಬೇಕಾದವರು ಅರ್ಧ ಗಂಟೆ ಕಾದಾದರೂ ಸೆಂಟ್ರಲ್ ರೈಲನ್ನೇ ಹಿಡಿಯುವುದು ಮೇಲು.

ಹತ್ತುವ ನಿಲ್ದಾಣವನ್ನೂ ಲೆಕ್ಕ ಹಾಕಿ. ಬದಿಯಡ್ಕ ಕಡೆಯವರು ಕಾಸರಗೋಡು ಪೇಟೆಗೆ ಇಳಿಯುವ ಬದಲು ನೇರ ಕುಂಬಳೆಗೆ ಹೋದರೆ ದಾರಿ ಉಳಿಯುತ್ತದೆ. ಆದರೆ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಎಲ್ಲ ಎಕ್ಸ್‌ಪ್ರೆಸ್‌ಗಳೂ ನಿಲ್ಲುವುದಿಲ್ಲ. ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ.

ಟಿಕೆಟ್ ವಿಚಾರ. ಇಷ್ಟು ದೂರಕ್ಕೆ ಕಾಯ್ದಿರಿಸುವ ಅಗತ್ಯವಿಲ್ಲ, ಜನರಲ್ ಟಿಕೆಟ್ ಸಾಕು. ಬೆಳಗಿನ ಹೊತ್ತು ಕೌಂಟರಿನ ಸಾಲಿನಲ್ಲಿ ನಿಂತರೆ ಕಣ್ಣೆದುರೇ ರೈಲು ಹೊರಟುಹೋಗುವ ಸಂಭವ ಉಂಟು. ಮೊಬೈಲಿನಲ್ಲಿ ರೈಲ್ವೆಯ ರೈಲ್‌ಒನ್ ಆ್ಯಪ್ ಇದ್ದರೆ ಆ ತಲೆಬಿಸಿ ಇಲ್ಲ. ಒಂದೇ ನಿಯಮ: ಕಾಗದರಹಿತ ಟಿಕೆಟನ್ನು ನಿಲ್ದಾಣದ ಆವರಣದ ಹೊರಗಿರುವಾಗಲೇ ಕೊಳ್ಳಬೇಕು. ಒಳಗೆ ಬಂದ ಮೇಲೆ ನೆನಪಾದರೆ ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಟಿಟಿ ಕೇಳಿದಾಗ ಆ್ಯಪ್‌ನಲ್ಲಿಯೇ ಟಿಕೆಟ್ ತೋರಿಸಿ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಮನೆಯಲ್ಲಿ ಕಾಫಿ ಕುಡಿಯುತ್ತಲೇ ಟಿಕೆಟ್ ಮಾಡುವ ಮುಂಜಾಗ್ರತೆಯವರಿಗೆ ಒಂದು ಮಾತು: 200 ಕಿ.ಮೀ. ಒಳಗಿನ ಜನರಲ್ ಟಿಕೆಟಿನಲ್ಲಿ, ಕೊಂಡ ಮೂರು ಗಂಟೆಯೊಳಗೆ ಅಥವಾ ಆ ಬಳಿಕದ ಮೊದಲ ರೈಲಿನಲ್ಲಿ ಹೊರಡಬೇಕು. ಸೂಪರ್‌ಫಾಸ್ಟ್ ಹತ್ತುವುದಾದರೆ 15 ರೂಪಾಯಿ ಹೆಚ್ಚುವರಿ ಶುಲ್ಕ ಸೇರಿಸಿಯೇ ಕೊಳ್ಳಿ. ವಂದೇ ಭಾರತ್‌ನಲ್ಲಿ ಜನರಲ್ ಬೋಗಿಯೇ ಇಲ್ಲ. ಬೇರೆ ರೈಲುಗಳಲ್ಲಿ ಸ್ಲೀಪರ್ ಬೋಗಿ ಖಾಲಿ ಕಂಡಿತೆಂದು ನುಗ್ಗಬೇಡಿ. ಒಂದೇ ಗಂಟೆಯ ಪ್ರಯಾಣ ಎಂಬ ಸಮಜಾಯಿಷಿಗೆ ಟಿಟಿ ಕರಗುವುದಿಲ್ಲ. ದಿನನಿತ್ಯ ಹೋಗಿಬರುವವರಿಗೆ ತಿಂಗಳ ಸೀಸನ್ ಟಿಕೆಟ್ ಲಾಭದಾಯಕ.

ಮರಳುವಾಗ ಸೆಂಟ್ರಲ್‌ನಿಂದಲೇ ಹೊರಡುವ ರೈಲಿಗೆ ಅರ್ಧ ಗಂಟೆ ಮೊದಲು ಹೋದರೆ ಕುಳಿತುಕೊಳ್ಳಲು ಜಾಗ ಸಿಗುವ ಸಾಧ್ಯತೆ ಹೆಚ್ಚು. ಜಂಕ್ಷನ್‌ನಲ್ಲಿ ಆ ಭರವಸೆ ಇಲ್ಲ; ಉತ್ತರದಿಂದ ಬರುವ ರೈಲುಗಳು ತುಂಬಿಕೊಂಡೇ ಬರುತ್ತವೆ. ಮೇಲಾಗಿ ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಸಿಗೆಯ ಸಮಯವನ್ನೇ ನಂಬಿ ಜಂಕ್ಷನ್‌ಗೆ ಆಟೋ ಹಿಡಿಯುವ ಮೊದಲು, ರೈಲು ಎಲ್ಲಿದೆ ಎಂದು ಮೊಬೈಲಿನಲ್ಲಿ ಒಮ್ಮೆ ನೋಡಿಬಿಡಿ.