ಸೆಲ್ಫ್ ತಗೊಳ್ಳದ ಹಳೇ ಲಾರಿ: ಬಿಚ್ಚಿಸುವ ಮೊದಲು ಇಷ್ಟು ನೋಡಿ

ಬೆಳಗಿನ ಜಾವ ಐದು ಗಂಟೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಲೋಡ್ ಆಗಿದೆ, ತಾಡಪತ್ರಿ ಕಟ್ಟಿ ಹಗ್ಗ ಬಿಗಿದಾಗಿದೆ, ಕೀಲಿ ತಿರುಗಿಸಿದರೆ ಒಂದೇ ಒಂದು ‘ಟಕ್’. ಅಷ್ಟೇ. ಹಳೇ ಲಾರಿ ಇಟ್ಟುಕೊಂಡವರಿಗೆ ಈ ಸದ್ದು ಚೆನ್ನಾಗಿ ಗೊತ್ತು. ಸುತ್ತ ನಿಂತವರೆಲ್ಲ ಹೇಳುವುದೂ ಒಂದೇ ಮಾತು: ‘ಸೆಲ್ಫ್ ಹೋಗಿದೆ, ಬಿಚ್ಚಿಸಿ.’ ಸೆಲ್ಫ್ ಅಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್. ನಮ್ಮಣ್ಣನ ಲಾರಿಯ ಸೆಲ್ಫ್ ಹೀಗೇ ಎರಡು ಸಲ ಬಿಚ್ಚಿಸಿದ್ದಾಯಿತು, ಅದರೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಹೊಸದು ಹಾಕಿಸಿದ್ದಾಯಿತು. ತೊಂದರೆ ಇದ್ದದ್ದು ಸೆಲ್ಫಿನಲ್ಲಿ ಅಲ್ಲವೇ ಅಲ್ಲ. ಅದಕ್ಕೇ ಈ ಲೇಖನ. ಬ್ಯಾಟರಿಯಿಂದ ಹೊರಟ ಕರೆಂಟ್ ಸೆಲ್ಫಿಗೆ ಹೋಗಿ ವಾಪಸ್ ಬರುವ ದಾರಿಯನ್ನು ಒಂದು ಕಡೆಯಿಂದ ನೋಡುತ್ತಾ ಹೋದರೆ, ಎಲ್ಲಿ ನಿಂತಿದೆ ಅನ್ನುವುದು ಸಿಕ್ಕೇ ಸಿಗುತ್ತದೆ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಇಂಜಿನ್ ಗರಗರ ಅಂತ ಚೆನ್ನಾಗಿ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಅಂದರೆ ಅದು ಡೀಸೆಲ್ಲಿನ ಕಥೆ. ಲೈನಲ್ಲಿ ಗಾಳಿ ಸೇರಿರಬಹುದು, ಫಿಲ್ಟರ್ ಕಟ್ಟಿರಬಹುದು. ನಾವಿಲ್ಲಿ ನೋಡುತ್ತಿರುವುದು ಇಂಜಿನ್ ತಿರುಗುವುದೇ ಇಲ್ಲ ಅನ್ನುವ ಗಾಡಿ.

ಕೈ ಹಾಕುವ ಮುಂಚೆ

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಇರುವ ಗಾಡಿಯಾದರೆ ಅದನ್ನು ಎಳೆದಿಡಿ, ಆಗ ಪರೀಕ್ಷೆ ಮಾಡುವಾಗ ಇಂಜಿನ್ ಥಟ್ಟನೆ ಸ್ಟಾರ್ಟ್ ಆಗುವುದಿಲ್ಲ. ಉಂಗುರ, ಕಡಗ, ವಾಚ್ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ, ಅದರಿಂದ ಬರುವ ಹೈಡ್ರೋಜನ್ ಗ್ಯಾಸಿಗೆ ಒಂದು ಕಿಡಿ ಸಾಕು. ಕೀಲಿ ಹಾಕುವವರು ನಿಮ್ಮ ಮಾತು ಕೇಳುವಂಥವರೇ ಇರಲಿ. ನೀವು ಕೆಳಗಿದ್ದಾಗ ಕ್ಲೀನರ್ ಹುಡುಗ ಸುಮ್ನೆ ಕೀಲಿ ತಿರುಗಿಸಿಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಸದ್ದು ಕೇಳಿ, ಲೈಟ್ ನೋಡಿ

ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ಲೈಟ್ ಪೂರ್ತಿ ಮಂಕಾಗಿ ಟಕಟಕಟಕ ಅಂದರೆ ಬ್ಯಾಟರಿ ಡೌನ್, ಇಲ್ಲವೇ ಕನೆಕ್ಷನ್ ಸರಿಯಿಲ್ಲ. ಲೈಟ್ ಹಾಗೇ ಉರಿಯುತ್ತಿದ್ದು ಸದ್ದೇ ಇಲ್ಲ ಅಂದರೆ ಸೆಲ್ಫಿಗೆ ಆರ್ಡರ್ ಕೊಡುವ ಸಣ್ಣ ವೈರಿನ ಕಡೆ ನೋಡಬೇಕು. ಒಂದೇ ಸಲ ‘ಟಕ್’ ಅಂದು ಸುಮ್ಮನಾದರೆ ದಪ್ಪ ಕೇಬಲ್, ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ದಾರಿ), ಸೆಲ್ಫ್, ಮೂರರಲ್ಲಿ ಯಾವುದಾದರೂ ಇರಬಹುದು. ಸೆಲ್ಫ್ ಮಾತ್ರ ಜುಂಯ್ ಅಂತ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಸೆಲ್ಫಿನ ತುದಿಯ ಸಣ್ಣ ಹಲ್ಲಿನ ಚಕ್ರ, ಅಂದರೆ ಪಿನಿಯನ್, ಹೋಗಿ ಇಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕೂರುತ್ತಿಲ್ಲ, ಅಲ್ಲಿ ಮೆಕ್ಯಾನಿಕ್ ಬೇಕು. ಲೈಟೇ ಇಲ್ಲ ಅಂದರೆ ಬ್ಯಾಟರಿ ಕಟ್ ಆಫ್ ಸ್ವಿಚ್ ಆಫ್ ಆಗಿದೆಯಾ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ.

ಬ್ಯಾಟರಿ ಎರಡಿದ್ದರೆ ಎರಡನ್ನೂ ನೋಡಿ

ಟಾಟಾ 407 ತರದ ಸಣ್ಣ ಗಾಡಿಗಳಲ್ಲಿ 12 ವೋಲ್ಟ್. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ಮಾಡಿರುತ್ತಾರೆ. ಮಲ್ಟಿಮೀಟರ್ ಒಂದು ಇಟ್ಟುಕೊಳ್ಳಿ, ಅಗ್ಗದ್ದಾದರೂ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಒಂದೊಂದು ಬ್ಯಾಟರಿಯನ್ನೂ ಬೇರೆ ಬೇರೆ ಅಳೆಯಿರಿ. 12.6 ಇದ್ದರೆ ಫುಲ್, 12.2 ಇದ್ದರೆ ಅರ್ಧ, 12ರ ಕೆಳಗೆ ಹೋದರೆ ಚಾರ್ಜಿಗೆ ಹಾಕಲೇಬೇಕು. ಆಮೇಲೆ ಕೀಲಿ ತಿರುಗಿಸಿ ಹಿಡಿದಿರುವಾಗ ಮತ್ತೆ ಅಳೆಯಿರಿ. ಆಗ ಒಂದು ಬ್ಯಾಟರಿ ಸುಮಾರು 9.6ಕ್ಕಿಂತ ಕೆಳಗೆ ಬಿದ್ದರೆ ಅದರ ದಮ್ಮು ಮುಗಿದಿದೆ, ಇಲ್ಲವೇ ಚಾರ್ಜ್ ಇಲ್ಲ.

ಬೇರೆ ಬೇರೆ ಅಳೆಯಿರಿ ಅಂದಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಲಾರಿಗೆ 12 ವೋಲ್ಟಿನ ಟೇಪ್ ರೆಕಾರ್ಡರ್ ಕೂರಿಸುವಾಗ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆದುಬಿಡುತ್ತಾರೆ, ಮೊಬೈಲ್ ಚಾರ್ಜರ್, ಫ್ಯಾನ್ ಎಲ್ಲ ಅದಕ್ಕೇ. ದಿನಾ ಆ ಒಂದು ಬ್ಯಾಟರಿ ಖಾಲಿಯಾಗುತ್ತಾ ಇರುತ್ತದೆ. ಚಾರ್ಜ್ ಆಗುವಾಗ ಮಾತ್ರ ಇಬ್ಬರಿಗೂ ಒಂದೇ ಊಟ. ಹಸಿದವನಿಗೆ ಸಾಲುವುದಿಲ್ಲ, ಹೊಟ್ಟೆ ತುಂಬಿದವನಿಗೆ ಜಾಸ್ತಿಯಾಗಿ ನೀರು ಕುದಿಯುತ್ತದೆ. ಕೊನೆಗೆ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಅದನ್ನೇ ಹಾಕಿಸಿ. ಹೊಸ ಬ್ಯಾಟರಿ ತಂದರೂ ಒಂದು ಹೊಸದು ಒಂದು ಹಳೇದು ಅಂತ ಜೋಡಿ ಮಾಡಬೇಡಿ.

ಕಿಲುಬು ಮತ್ತು ಅರ್ಥ್

ಹಳೇ ಗಾಡಿಯಲ್ಲಿ ಜಾಸ್ತಿ ತೊಂದರೆ ಕೊಡುವುದು ಇದೇ ಜಾಗ. ಟರ್ಮಿನಲ್ ಮೇಲೆ ಬಿಳಿ, ಹಸಿರು ಕಿಲುಬು ಕಂಡರೆ ಬಿಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮಿರ್ಚಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಇದೆಯಲ್ಲ, ಅದನ್ನೇ ಬಿಸಿನೀರಿಗೆ ಹಾಕಿ ಉಜ್ಜಿದರೆ ಸಾಕು. ಬ್ಯಾಟರಿ ಮುಚ್ಚಳದೊಳಗೆ ಮಾತ್ರ ಆ ನೀರು ಹೋಗಬಾರದು. ಒರೆಸಿ, ಸೀಸದ ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವ ತನಕ ಉಪ್ಪುಕಾಗದದಲ್ಲಿ ತಿಕ್ಕಿ, ಬಿಗಿಯಾಗಿ ಹಾಕಿ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಈಗ ಅಣ್ಣನ ಲಾರಿಯ ಕಥೆ. ಮೂರನೇ ಸಲ ನಿಂತಾಗ ಕೀಲಿ ತಿರುಗಿಸುತ್ತಿದ್ದ ಅಣ್ಣ, ‘ಇಲ್ಲಿ ಮುಟ್ಟಿ ನೋಡೋ’ ಅಂದ. ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿತ್ತು. ಗಾಡಿ ರಾತ್ರಿಯೆಲ್ಲ ನಿಂತಿದೆ, ಇಂಜಿನ್ ತಣ್ಣಗಿದೆ, ಕೇಬಲ್ ಮಾತ್ರ ಬೆಚ್ಚಗೆ! ಇಂಜಿನ್ನಿಗೂ ಚಾಸಿಗೂ ನಡುವೆ ಇರುವ ಅರ್ಥ್ ಪಟ್ಟಿ ಕೆಟ್ಟಿತ್ತು. ಸೆಲ್ಫಿನ ಕರೆಂಟಿಗೆ ವಾಪಸ್ ಬರಲು ಬೇರೆ ದಾರಿ ಸಿಗದೆ ಆ ಸಣ್ಣ ಕೇಬಲ್ ಮೇಲೆ ನುಗ್ಗುತ್ತಿತ್ತು. ಪಟ್ಟಿ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಬೋಲ್ಟ್ ಬಿಚ್ಚಿ ಬಗ್ಗಿಸಿದಾಗ ತುದಿಯ ಲಗ್ಗಿನ (ಬೋಲ್ಟ್ ಹಾಕುವ ಬಳೆಯ) ಬುಡದಲ್ಲಿ ತಾಮ್ರದ ಎಳೆಗಳು ಪುಡಿಪುಡಿಯಾಗಿ ಉದುರಿದವು, ನಾಲ್ಕೈದು ಎಳೆ ಮಾತ್ರ ಉಳಿದಿದ್ದವು.

ಇದನ್ನು ಮೀಟರಿನಲ್ಲಿ ಹಿಡಿಯುವುದು ಸುಲಭ. ಒಂದು ಕಡ್ಡಿ ಬ್ಯಾಟರಿಯಿಂದ ಅರ್ಥಿಗೆ ಹೋಗುವ ಮೈನಸ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ. ಇನ್ನೊಂದು ಸೆಲ್ಫಿನ ಮೈಮೇಲೆ ಬಣ್ಣವಿಲ್ಲದ ಜಾಗಕ್ಕೆ. ಕೀಲಿ ತಿರುಗಿಸಿ ಮೂರು ಸೆಕೆಂಡ್ ಹಿಡಿಯಿರಿ. ಅರ್ಧ ವೋಲ್ಟಿನ ಒಳಗಿದ್ದರೆ ಸರಿ. ಜಾಸ್ತಿ ತೋರಿಸಿದರೆ ಅರ್ಥ್ ದಾರಿಯಲ್ಲಿ ತಡೆ ಇದೆ. ಪ್ಲಸ್ ಕಡೆಗೂ ಹೀಗೇ: ಸೆಲ್ಫಿಗೆ ಕೇಬಲ್ ಹೋಗುವ ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ.

ಸಣ್ಣ ವೈರ್, ಆಮೇಲೆ ಸೆಲ್ಫ್

ಸದ್ದೇ ಬಾರದ ಗಾಡಿಗೆ ಎರಡು ವೈರ್ ಕಟ್ಟಿದ ಬಲ್ಬ್ ಸಾಕು, 24ರ ಗಾಡಿಗೆ 24ರ ಬಲ್ಬ್. ಒಂದು ತುದಿ ಅರ್ಥಿಗೆ, ಇನ್ನೊಂದು ಸೆಲ್ಫಿನ ಮೇಲಿರುವ, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಸಾಲಿನಾಯ್ಡ್‌ನ ಸಣ್ಣ ವೈರಿಗೆ. ಕೀಲಿ ತಿರುಗಿಸಿದಾಗ ಉರಿಯದಿದ್ದರೆ ಹಿಂದಕ್ಕೆ ಹೋಗಿ: ರಿಲೇ, ಫ್ಯೂಸ್, ಕೀಲಿ ಸ್ವಿಚ್. ಹಳೇ ಗಾಡಿಯಲ್ಲಿ ಕೀಲಿ ಸ್ವಿಚ್ ಸವೆದಿರುವುದು ಮಾಮೂಲು. ಬಲ್ಬ್ ಚೆನ್ನಾಗಿ ಉರಿದು, ದಪ್ಪ ಕೇಬಲ್, ಅರ್ಥ್ ಎಲ್ಲ ಸರಿಯಿದ್ದೂ ಸೆಲ್ಫ್ ತಿರುಗದಿದ್ದರೆ, ಈಗ ಬಿಚ್ಚಿಸಿ. ಸಾಲಿನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಸ್ಪ್ಯಾನರಿನಿಂದ ಸೆಲ್ಫಿಗೆ ಮೆಲ್ಲಗೆ ಕುಟ್ಟಿದಾಗ ಒಮ್ಮೆ ತಿರುಗಿತು ಅಂದರೆ ಹೆಚ್ಚು ಕಡಿಮೆ ಬ್ರಷ್ಷೇ.

ಸೆಲ್ಫಿನ ಬೋಲ್ಟುಗಳಿಗೆ ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಹೊಡೆಯುವ ಅಭ್ಯಾಸ ಬಹಳ ಜನಕ್ಕಿದೆ. ದಯವಿಟ್ಟು ಮಾಡಬೇಡಿ. ಗೇರಲ್ಲಿ ಬಿಟ್ಟಿದ್ದರೆ ಲಾರಿ ನಿಂತ ಜಾಗದಿಂದ ಹಾರುತ್ತದೆ, ನೀವಿರುವುದು ಚಕ್ರದ ಪಕ್ಕದಲ್ಲೇ.

ಕರೆಂಟ್ ಪೂರ್ತಿ ಸರಿಯಿದ್ದು, ರಿಪೇರಿಯಾದ ಸೆಲ್ಫೂ ಮುಕ್ಕರಿಸಿ ನಿಂತರೆ, ಬ್ಯಾಟರಿ ಮೈನಸ್ ಬಿಚ್ಚಿ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದ ಸ್ಪ್ಯಾನರ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಬಿಗಿಯಾಗಿಯಾದರೂ ಎರಡು ಸುತ್ತು ಬರಬೇಕು. ಒಂದು ಜಾಗದಲ್ಲಿ ಗೋಡೆಗೆ ತಾಗಿದ ಹಾಗೆ ನಿಂತರೆ ಬಲ ಹಾಕಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂಬೇಡಿ. ಸಿಲಿಂಡರಿನೊಳಗೆ ನೀರೋ ಡೀಸೆಲ್ಲೋ ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಇಂಜಿನ್ ಸ್ಟಾರ್ಟ್ ಆದ ಮೇಲೆ ಮೀಟರ್ ಒಳಗಿಡುವ ಮುಂಚೆ ಇನ್ನೊಂದು ಸಲ ಬ್ಯಾಟರಿಗೆ ಹಿಡಿಯಿರಿ. 24ರ ಗಾಡಿಯಲ್ಲಿ 28ರ ಆಸುಪಾಸು, 12ರ ಗಾಡಿಯಲ್ಲಿ 14ರ ಆಸುಪಾಸು ಬರಬೇಕು. 24, 25ರಲ್ಲೇ ನಿಂತಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. ಆ ಗಾಡಿ ಹಿರಿಯೂರಿನಲ್ಲಿ ಊಟಕ್ಕೆ ನಿಲ್ಲಿಸಿದರೆ ಅಲ್ಲೇ ನಿಂತುಬಿಡುತ್ತದೆ. ಬೆಲ್ಟ್ ನೋಡಿ, ಡೈನಮೋ ತೋರಿಸಿ, ಆಮೇಲೆ ಲೋಡ್ ಹೊರಡಿಸಿ.