ಸ್ಟ್ರಿಪ್‌ನಲ್ಲಿ ನೆಗೆಟಿವ್, ಸ್ಲೈಡ್‌ನಲ್ಲಿ ಫಂಗಸ್

ಒಂದು ಸಂಜೆ ನಮ್ಮ ಲ್ಯಾಬ್‌ಗೆ ಬೆನ್ನಿನಿಂದ ತೆಗೆದ ನೀರು, ಅಂದರೆ ಸಿಎಸ್‌ಎಫ್ ಬಂತು. ಎಚ್‌ಐವಿ ಇರುವ ರೋಗಿ, ಎರಡು ವಾರದಿಂದ ವಿಪರೀತ ತಲೆನೋವು. ಮೆದುಳಿನ ಪೊರೆಗೆ ಸೋಂಕು ತರುವ ಕ್ರಿಪ್ಟೋಕಾಕಸ್ ಅನ್ನೋ ಫಂಗಸ್ ಇರಬಹುದು ಅಂತ ಡಾಕ್ಟರಿಗೆ ಅನುಮಾನ. ಟ್ಯೂಬಿಗೆ ಒಂದು ಹನಿ ಡೈಲ್ಯುಯೆಂಟ್ (ತೆಳು ಮಾಡುವ ದ್ರವ), 40 ಮೈಕ್ರೋಲೀಟರ್ ಸ್ಯಾಂಪಲ್ ಹಾಕಿ, ಆ ಫಂಗಸ್‌ನ ಆಂಟಿಜೆನ್ (ಅದರ ಗುರುತಿನ ಅಂಶ) ಹುಡುಕುವ ಕ್ರ್ಯಾಗ್ ಸ್ಟ್ರಿಪ್ ಇಳಿಸಿ 10 ನಿಮಿಷ ಕಾದೆ. ಕಂಟ್ರೋಲ್ ಗೆರೆ ಮಾತ್ರ ಬಂತು, ಅಂದರೆ ನೆಗೆಟಿವ್.

ಈ ಟೆಸ್ಟನ್ನು ನಾನು ತುಂಬಾ ನಂಬುತ್ತೇನೆ. ಸಿಎಸ್‌ಎಫ್‌ನಲ್ಲಿ ಇದರ ಸೆನ್ಸಿಟಿವಿಟಿ, ಅಂದರೆ ಕಾಯಿಲೆ ಇದ್ದವರನ್ನು ಹಿಡಿಯುವ ಪ್ರಮಾಣ, 99% ಹತ್ತಿರ ಇದೆ. ಸ್ಯಾಂಪಲ್‌ಗೆ ಕಪ್ಪು ಶಾಯಿ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ಇಂಡಿಯಾ ಇಂಕ್ ಟೆಸ್ಟ್ ಅಷ್ಟು ಹಿಡಿಯಲ್ಲ, ಫಂಗಸ್ ಕಡಿಮೆ ಇದ್ದರೆ ಸುಲಭವಾಗಿ ತಪ್ಪಿಹೋಗುತ್ತೆ. ಆದರೂ ಇಂಕ್ ನೋಡದೆ ರಿಪೋರ್ಟ್ ಕಳಿಸುವ ಅಭ್ಯಾಸ ನನಗಿಲ್ಲ. ಅವತ್ತು ಸ್ಲೈಡ್ ಇಟ್ಟು ನೋಡಿದರೆ ಎದೆ ಧಸಕ್ಕೆಂದಿತು. ಕಪ್ಪು ಶಾಯಿಯ ನಡುವೆ ದುಂಡು ದುಂಡಗಿನ ಯೀಸ್ಟ್, ಒಂದೊಂದರ ಸುತ್ತಲೂ ಬೆಳ್ಳಗೆ ದಪ್ಪ ಬಳೆ, ಒಂದೇ ಫೀಲ್ಡ್‌ನಲ್ಲಿ ಎಣಿಸೋಕಾಗದಷ್ಟು.

ಇದನ್ನೇ ಪ್ರೋಜೋನ್ ಅನ್ನೋದು. ಸ್ಟ್ರಿಪ್‌ನಲ್ಲಿ ಗೆರೆ ಮೂಡಬೇಕಾದರೆ ಒಂದೇ ಆಂಟಿಜೆನ್ ಅನ್ನು ಒಂದು ಕಡೆ ಬಣ್ಣದ ಆಂಟಿಬಾಡಿ, ಇನ್ನೊಂದು ಕಡೆ ಗೆರೆಯ ಮೇಲಿರುವ ಆಂಟಿಬಾಡಿ ಹಿಡಿಯಬೇಕು. ಆಂಟಿಜೆನ್ ವಿಪರೀತ ಜಾಸ್ತಿ ಇದ್ದರೆ ಎರಡೂ ಬೇರೆ ಬೇರೆಯಾಗಿ ತುಂಬಿಹೋಗಿ ಒಂದಕ್ಕೊಂದು ಕೂಡೋದೇ ಇಲ್ಲ. ಅಪರೂಪಕ್ಕೆ ಆಗೋದು, ಆದರೆ ಆಗೋದು ಕಾಯಿಲೆ ಅತಿ ಹೆಚ್ಚಿರುವವರಲ್ಲೇ, ಅಲ್ವಾ? ಸ್ಯಾಂಪಲ್ಲನ್ನು ಡೈಲ್ಯೂಟ್ ಮಾಡಿ ಮತ್ತೆ ಹಾಕಿದೆ. ಗಾಢವಾದ ಗೆರೆ ಬಂತು. ತಕ್ಷಣ ವಾರ್ಡಿಗೆ ಫೋನ್ ಮಾಡಿದೆ, ಅವತ್ತೇ ಫಂಗಸ್ ಕೊಲ್ಲುವ ಔಷಧಿ ಆಂಫೋಟೆರಿಸಿನ್ ಶುರುವಾಯಿತು.

ಎಲ್ಲ ಫಂಗಸ್ ಆಂಟಿಜೆನ್ ಟೆಸ್ಟ್‌ಗಳೂ ಕ್ರ್ಯಾಗ್‌ನಷ್ಟು ಗಟ್ಟಿ ಅಲ್ಲ. ಆಸ್ಪರ್ಜಿಲಸ್ ಅನ್ನೋ ಇನ್ನೊಂದು ಫಂಗಸ್‌ಗೆ ಮಾಡುವ ಗ್ಯಾಲಕ್ಟೋಮನ್ನಾನ್ ಟೆಸ್ಟ್ ರಕ್ತದಲ್ಲಿ ಸಾಕಷ್ಟು ಕೇಸು ಬಿಡುತ್ತೆ, ಅದರಲ್ಲೂ ಬಿಳಿ ರಕ್ತಕಣ ಸರಿಯಾಗಿಯೇ ಇರುವವರಲ್ಲಿ. ಬ್ಲ್ಯಾಕ್ ಫಂಗಸ್ ಅಂತ ಕರೆಯುವ ಮ್ಯೂಕರ್‌ನಲ್ಲಂತೂ ಅದು ಉಪಯೋಗಕ್ಕೇ ಬರಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮೂಗಿನಿಂದ ತೆಗೆದ ಟಿಶ್ಯೂವನ್ನು ಅದನ್ನು ಕರಗಿಸಿ ಫಂಗಸ್ ಕಾಣಿಸುವಂತೆ ಮಾಡುವ ಕೆಓಎಚ್ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಕಣ್ಣಲ್ಲೇ ನೋಡಬೇಕಾಯಿತು.

ಎರಡು ವಾರ ಕಳೆದ ಮೇಲೆ ಅದೇ ಡಾಕ್ಟರ್ ಫೋನ್ ಮಾಡಿ, ‘ಈಗ ಸ್ವಲ್ಪ ಹುಷಾರಾಗಿದ್ದಾರೆ, ಕ್ರ್ಯಾಗ್ ಇನ್ನೊಮ್ಮೆ ಮಾಡಿಬಿಡಿ’ ಅಂದರು. ‘ಬೇಡ ಸರ್, ಫಂಗಸ್ ಸತ್ತರೂ ಆಂಟಿಜೆನ್ ತಿಂಗಳುಗಟ್ಟಲೆ ಉಳಿಯುತ್ತೆ, ಸುಮ್ನೆ ಗಾಬರಿಯಾಗುತ್ತೆ. ಫಂಗಸ್ ಇನ್ನೂ ಬದುಕಿದೆಯಾ ಅಂತ ಬೆಳೆಸಿ ನೋಡೋಕೆ ಕಲ್ಚರ್‌ಗೆ ಕಳಿಸಿ’ ಅಂದೆ. ಕಳಿಸಿದರು. ಪ್ಲೇಟ್‌ನಲ್ಲಿ ಏನೂ ಬೆಳೆಯಲಿಲ್ಲ.