ಅಪ್ಪ-ಅವ್ವ ಇಟಲಿಗೆ ಬಂದಾಗ ವಿಲ್ಲಾ ಪಾಂಜಾ ತೋರಿಸಿ

ಮಿಲಾನಿನಲ್ಲಿ ಓದುವ, ಕೆಲಸ ಮಾಡುವ ನಮ್ಮ ಕಲಬುರಗಿ, ಬೀದರ್ ಕಡೆಯವರು ಊರಿನಿಂದ ಅಪ್ಪ-ಅವ್ವ ಬಂದರೆ ದುವೊಮೊ ಚರ್ಚ್ ತೋರಿಸುತ್ತಾರೆ, ಕೊಮೊ ಸರೋವರ ತೋರಿಸುತ್ತಾರೆ. ಒಂದು ದಿನ ವರೇಸೆಗೂ ಕರೆದುಕೊಂಡು ಹೋಗಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ವಿಲ್ಲಾ ಪಾಂಜಾ 18ನೇ ಶತಮಾನದ ಬಂಗಲೆ. ಒಳಗಿರುವುದು ಮಾತ್ರ ಹೆಚ್ಚಾಗಿ ನಮ್ಮ ಕಾಲದ ಕಲೆ.

ಮೊದಲು ಟಿಕೆಟ್ ವಿಷಯ. ತಿಂಗಳ ಮೊದಲ ಭಾನುವಾರ ಇಟಲಿಯಲ್ಲಿ ಮ್ಯೂಸಿಯಂ ಪುಕ್ಕಟೆ ಅಂತ ಕೇಳಿರುತ್ತೀರಿ. ಅದು ಬ್ರೆರಾದಂಥ ಸರ್ಕಾರಿ ಮ್ಯೂಸಿಯಂಗಳಿಗೆ. ಈ ವಿಲ್ಲಾ ಸರ್ಕಾರದ್ದಲ್ಲ, 1975ರಲ್ಲಿ ಶುರುವಾದ 'ಫಾಯ್' ಎಂಬ ಪ್ರತಿಷ್ಠಾನದ್ದು. ಹಳೆಯ ಮನೆ, ಕೋಟೆ, ತೋಟಗಳನ್ನು ಉಳಿಸಿ ಜನರಿಗೆ ತೆರೆದಿಡುವುದೇ ಅದರ ಕೆಲಸ. ಮಾಲೀಕ ಜುಸೆಪ್ಪೆ ಪಾಂಜಾ 1996ರಲ್ಲಿ ಈ ಮನೆಯನ್ನು ಅದಕ್ಕೆ ದಾನ ಕೊಟ್ಟರು. ಹಾಗಾಗಿ ಇಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಇಟಲಿಯಲ್ಲೇ ಇರುವವರು ಫಾಯ್ ಸದಸ್ಯತ್ವ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಕಾರ್ಡಿನಲ್ಲಿ ಅದರ ಬೇರೆ ತಾಣಗಳನ್ನೂ ನೋಡಬಹುದು, ಕೊಟ್ಟ ಹಣ ಆ ಹಳೆಯ ಕಟ್ಟಡಗಳಿಗೇ ಹೋಗುತ್ತದೆ. ಸೋಮವಾರ ಹೋಗಬೇಡಿ, ಇಲ್ಲಿ ಬಹಳಷ್ಟು ಮ್ಯೂಸಿಯಂಗಳಿಗೆ ಅಂದು ರಜೆ.

ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಮಷಿನ್‌ನಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ.

ಇನ್ನು ಒಳಗಿನ ಮಾತು. ಎಸ್.ಎಂ. ಪಂಡಿತರ ದೇವರ ಚಿತ್ರಗಳನ್ನು ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ನಮ್ಮ ಹಿರಿಯರು ಇಲ್ಲಿ ಖಂಡಿತ ಕೇಳುತ್ತಾರೆ: "ಇದ್ರಾಗ ಚಿತ್ರ ಎಲ್ಲದ?" ನ್ಯಾಯವಾದ ಪ್ರಶ್ನೆ. ಅಮೆರಿಕದ ಕಲಾವಿದ ಡ್ಯಾನ್ ಫ್ಲಾವಿನ್ ಬಳಸಿದ್ದು ಅಂಗಡಿಯಲ್ಲಿ ಸಿಗುವ ಬಣ್ಣದ ಟ್ಯೂಬ್‌ಲೈಟು. 1976ರಲ್ಲಿ ಅವರು ಈ ಮನೆಯೊಳಗಿನ ಒಂದು ಉದ್ದನೆಯ ಕಾರಿಡಾರನ್ನೇ ಅದರಿಂದ ಬೆಳಗಿಸಿದರು. ಅಲ್ಲಿ ನಡೆಯುವಾಗ ನಿಮ್ಮ ಅಂಗಿಯ ಬಣ್ಣವೂ ಬದಲಾಗುತ್ತದೆ, ಅವ್ವನ ಸೀರೆಯ ಬಣ್ಣವೂ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪನ್ನು ಗೋಡೆ ಬಿಟ್ಟು ಬೇರೆ ನೋಡಲಾಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ, ಕೋಣೆಯೇ ಕಲೆ.

ಇನ್ನೊಬ್ಬ ಅಮೆರಿಕನ್ ಕಲಾವಿದ ಜೇಮ್ಸ್ ಟರೆಲ್ ಮಾಡಿದ ಬಿಳಿ ಕೋಣೆಯಲ್ಲಿ ಮಾತ್ರ ಅವಸರ ಬೇಡ. ಛಾವಣಿಯಲ್ಲಿ ಒಂದು ಚೌಕ ತೆರೆದಿದೆ, ಅಷ್ಟೇ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿದ್ದರೆ ಆಕಾಶ ದೂರದ್ದು ಅನ್ನಿಸುವುದೇ ಇಲ್ಲ, ನೀಲಿ ಬಟ್ಟೆ ಬಿಗಿದಂತೆ ಛಾವಣಿಗೇ ಅಂಟಿಕೊಳ್ಳುತ್ತದೆ. ಅಪ್ಪನಿಗೆ ಏನೂ ವಿವರಿಸಬೇಡಿ. ನೋಡಲು ಬಿಡಿ. ಈ ಕೋಣೆಗೆ ಕಲೆ ಓದಿರಬೇಕಿಲ್ಲ, ಪುರುಸೊತ್ತು ಇದ್ದರೆ ಸಾಕು.

ಗೋಡೆ, ಹಳೆಯ ಕುರ್ಚಿ, ಮೇಜು ಯಾವುದನ್ನೂ ಮುಟ್ಟುವಂತಿಲ್ಲ. ಫೋಟೊ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಹೋಗಿದ್ದರೆ ಒಳಗೆ ಹೋಗುವ ಮುಂಚೆ ಊಟ ಮುಗಿಸಿಬಿಡಿ. ವಿಲ್ಲಾ ಇರುವುದು ಬಿಯುಮೊ ಗುಡ್ಡದ ಮೇಲೆ. ಹಿರಿಯರಿಗೆ ಮೊಣಕಾಲು ನೋವಿದ್ದರೆ ಸ್ಟೇಷನ್‌ನಿಂದ ನಡೆಸಬೇಡಿ, ಬಸ್ಸೋ ಟ್ಯಾಕ್ಸಿಯೋ ಹಿಡಿಯಿರಿ.